ತಮ್ಮ ಮಾತನ್ನು ತಾವೇ ತಿದ್ದಿಕೊಂಡ ವಿದ್ವಾಂಸರು

ಹಿಟ್ಲರನ ಯೆಹೂದಿ ದ್ವೇಷವನ್ನು ಇತಿಹಾಸದ ಪಾಠದಲ್ಲಿ ಓದಿದ್ದೀರಿ. ಆ ದ್ವೇಷ ಅವನಿಂದಲೇ ಹುಟ್ಟಿದ್ದಲ್ಲ. ಯೇಸುವನ್ನು ಕೊಂದ ಜನವೆಂಬ ಅಪವಾದವನ್ನು ಯುರೋಪಿನ ಯೆಹೂದಿಗಳು ಶತಮಾನಗಳಿಂದ ಹೊತ್ತಿದ್ದರು. ವಿದ್ಯಾವಂತರೂ ಅದನ್ನು ನಂಬಿದ್ದರು.

ಫ್ರಾನ್ಸಿನ ಕಥೋಲಿಕ ತತ್ತ್ವಜ್ಞಾನಿ ಜಾಕ್ ಮಾರಿತೇನರನ್ನೇ ನೋಡಿ. ಇವರ ಪತ್ನಿ ರಾಯಿಸಾ ರಷ್ಯದ ಯೆಹೂದಿ ಮನೆತನದವರು. 1906ರಲ್ಲಿ ಇಬ್ಬರೂ ಕಥೋಲಿಕರಾದರು. ಹೀಗಿದ್ದೂ 1921ರ ಒಂದು ಲೇಖನದಲ್ಲಿ ಮಾರಿತೇನರು ಯೆಹೂದಿಗಳನ್ನು ಸಮಾಜದ ಬುಡ ಅಲುಗಿಸುವವರೆಂದು ಶಂಕಿಸಿ ಬರೆದರು! ಇವರನ್ನು ಹೊಗಳುವಾಗ ಆ ಲೇಖನವನ್ನು ಮುಚ್ಚಿಡುವುದು ನ್ಯಾಯವಲ್ಲ.

ಹಿಟ್ಲರನ ಆಳ್ವಿಕೆಯನ್ನು ಕಂಡ ಮೇಲೆ ಅವರ ಧ್ವನಿಯೇ ಬದಲಾಯಿತು. ಯೇಸುವೂ ಆತನ ತಾಯಿಯೂ ಯೆಹೂದಿಗಳು. ಆ ಜನವನ್ನು ದ್ವೇಷಿಸುವವನು ಕ್ರೈಸ್ತನಾಗುವುದೆಂತು? ಇದು ಅವರ ವಾದದ ತಿರುಳು. 1938ರಲ್ಲಿ ಪ್ಯಾರಿಸಿನಲ್ಲಿ ಭಾಷಣಮಾಡಿ ಬಹಿರಂಗವಾಗಿ ಯೆಹೂದಿಗಳ ಪರ ನಿಂತರು; ಕೆಲವು ಪತ್ರಿಕೆಗಳ ನಿಂದೆಗೂ ಗುರಿಯಾದರು.

ಯುದ್ಧ ಮುಗಿಯುವಷ್ಟರಲ್ಲಿ ಸುಮಾರು 60 ಲಕ್ಷ ಯೆಹೂದಿಗಳ ಕೊಲೆಯಾಗಿತ್ತು. ವ್ಯಾಟಿಕನ್ನಿನಲ್ಲಿ ಫ್ರಾನ್ಸಿನ ರಾಯಭಾರಿಯಾಗಿದ್ದ ಮಾರಿತೇನರು 1946ರಲ್ಲಿ ಪೋಪರ ಸಚಿವಾಲಯದ ಹಿರಿಯ ಅಧಿಕಾರಿ ಮೊಂತಿನಿಯವರಿಗೆ ಪತ್ರ ಬರೆದು, ಪೋಪರು ಯೆಹೂದಿ ದ್ವೇಷವನ್ನು ಬಾಯಿಬಿಟ್ಟು ಖಂಡಿಸಬೇಕೆಂದು ಬೇಡಿದರು. ಅವರು ಬಯಸಿದಂಥ ಘೋಷಣೆ ಆಗ ಹೊರಡಲಿಲ್ಲ.

1963ರಲ್ಲಿ ಅದೇ ಮೊಂತಿನಿಯವರು ಆರನೆಯ ಪೌಲ್ ಎಂಬ ಹೆಸರಿನಿಂದ ಪೋಪರಾದರು. ಯೇಸುವಿನ ಮರಣದ ಹೊಣೆಯನ್ನು ಇಡೀ ಯೆಹೂದಿ ಜನಾಂಗದ ಮೇಲೆ ಹೊರಿಸಲಾಗದೆಂದು ವ್ಯಾಟಿಕನ್ ಮಹಾಸಭೆಯು 1965ರ ಅಕ್ಟೋಬರ 28ರಂದು ಘೋಷಿಸಿತು. ಡಿಸೆಂಬರ 8ರಂದು ಸಭೆ ಮುಗಿದಾಗ, ಜಗತ್ತಿನ ವಿದ್ವಾಂಸರಿಗೆಂದು ಬರೆದ ಸಂದೇಶವನ್ನು ಪೋಪರು 83 ವರ್ಷದ ಮಾರಿತೇನರ ಕೈಗಿತ್ತರು.