ಮೈ ತಣ್ಣಗಾದರೆ ಅದು ಉಷ್ಣವಲ್ಲ

‘ಹಕೀಮ್ ಸಾಹೇಬ್ರೇ, ಮೈ ಉಷ್ಣ ಆಗಿದೆ, ತಂಪಿಗೆ ಏನು ತಿನ್ನಲಿ?’ ಬೇಸಿಗೆ ಶುರುವಾದರೆ ಚಾಂಪಿಯನ್ ರೀಫ್ಸ್‌ನ ನನ್ನ ದವಾಖಾನೆಯಲ್ಲಿ ಇದೇ ಮಾತು. ನಮ್ಮ ಮನೆಗಳಲ್ಲಿ ಪ್ರತಿ ಧಾನ್ಯಕ್ಕೂ ಒಂದು ತಾಸೀರ್ ಇದೆ. ರಾಗಿ ತಂಪು, ಬಾರ್ಲಿ ತಂಪು, ಗೋಧಿ ಉಷ್ಣ. ಯುನಾನಿ ಗ್ರಂಥಗಳೂ ಬಾರ್ಲಿಯನ್ನು ತಂಪೆಂದೂ ಗೋಧಿಯನ್ನು ಉಷ್ಣವೆಂದೂ ಹೇಳುತ್ತವೆ. ಜ್ವರಕ್ಕೆ ಬಾರ್ಲಿ ನೀರು ಕೊಡುವುದು ನಮ್ಮಲ್ಲಿ ಬಹಳ ಹಳೆಯ ರೂಢಿ. ಆದರೆ ಇದು ಮಿಜಾಜಿನ ಮಾತು, ಥರ್ಮಾಮೀಟರಿನ ಮಾತಲ್ಲ.

ಆರೋಗ್ಯವಂತರು ಏನೇ ಉಂಡರೂ ಮೈಯ ಬಿಸಿ 37 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಅನ್ನ, ಮುದ್ದೆ, ರೊಟ್ಟಿಯ ಪಿಷ್ಟ ಅರಗುವಾಗ ಅದರ ಶಕ್ತಿಯಲ್ಲಿ ಶೇಕಡಾ 5ರಿಂದ 10ರಷ್ಟು ಮಾತ್ರ ಶಾಖವಾಗುತ್ತದೆ. ಮಾಂಸದ ಪ್ರೋಟೀನಿನಲ್ಲಿ ಇದು 20ರಿಂದ 30. ಬಿರಿಯಾನಿ ಉಂಡು ಮೈ ಬೆಚ್ಚಗಾದರೆ ಅಕ್ಕಿಯನ್ನು ದೂರಬೇಡಿ! ಆ ಶಾಖವನ್ನೂ ಚರ್ಮ, ಬೆವರು ಹೊರಹಾಕುತ್ತವೆ. ನಮ್ಮೂರ ಗಣಿ 3 ಕಿಲೋಮೀಟರಿಗೂ ಆಳಕ್ಕೆ ಇಳಿದಿತ್ತು, ತಳದ ಬಂಡೆಯ ಬಿಸಿ 60 ಡಿಗ್ರಿ ಮೀರಿತ್ತು. ಅಲ್ಲಿ ದುಡಿದ ಹಿರಿಯರ ಮೈ ಕಾದದ್ದು ಬೆವರು, ನೀರು, ಮೇಲಿನಿಂದ ಬಿಡುತ್ತಿದ್ದ ಗಾಳಿ. ರಾಗಿ ಅಂಬಲಿ ತಂಪೆನಿಸುವುದೂ ಬಹುಪಾಲು ಅದರಲ್ಲಿರುವ ನೀರು, ಮಜ್ಜಿಗೆ, ಉಪ್ಪಿನಿಂದ.

ಇಷ್ಟೇ ಆಗಿದ್ದರೆ ನಾನು ಬರೆಯುತ್ತಿರಲಿಲ್ಲ. ಒಂದು ರಮಝಾನ್‌ನಲ್ಲಿ ಅಸರ್ ನಮಾಝಿನ ಹೊತ್ತಿಗೆ ಒಬ್ಬ ತಾಯಿಯನ್ನು ಆಟೋದಲ್ಲಿ ಕರೆತಂದರು. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವವರು. ಮೈಯೆಲ್ಲ ಬೆವರು, ಕೈ ತಣ್ಣಗೆ, ಮಾತು ತೊದಲು. ಉಷ್ಣವೆಂದು ಮನೆಯವರು ಒದ್ದೆ ಬಟ್ಟೆ ಹಾಕಿ, ಬಾರ್ಲಿ ನೀರು ಕಾಯಿಸಿಟ್ಟು, ಮಗ್ರಿಬ್‌ಗೆ ಕಾಯುತ್ತಿದ್ದರು. ರಕ್ತದ ಸಕ್ಕರೆ 48 ಇತ್ತು. ತಪ್ಪು ನನ್ನದೂ ಹೌದು. ಶಾಬಾನ್‌ನಲ್ಲಿ ಅವರು ಬಂದಾಗ ಸಹರಿಗೆ ತಂಪಿನ ಗಂಜಿ ಕುಡಿಯಿರಿ ಎಂದಿದ್ದೆ, ಮಾತ್ರೆ ಯಾವುದೆಂದು ಕೇಳಿರಲಿಲ್ಲ.

ಸಕ್ಕರೆ ಇಳಿದಾಗ ಬೆವರು ಸುರಿದು ಮೈಯ ಬಿಸಿಯೂ ಇಳಿಯುತ್ತದೆ. ಆಗ ತಂಪು ಮಾಡುವುದು ಅಪಾಯ. ಸಕ್ಕರೆ 70ಕ್ಕಿಂತ ಕಡಿಮೆಯಾದರೆ ಮಗ್ರಿಬ್‌ಗೆ ಐದೇ ನಿಮಿಷ ಉಳಿದಿದ್ದರೂ ಉಪವಾಸ ಬಿಡಿ. ಯಂತ್ರವಿಲ್ಲದಿದ್ದರೆ ಈ ಲಕ್ಷಣಗಳೇ ಸಾಕು. ರೋಗಿಗೆ ಬೇರೆ ದಿನ ಪೂರೈಸುವ ರಿಯಾಯಿತಿಯನ್ನು ಕುರ್‌ಆನ್ ಕೊಟ್ಟಿದೆ. ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷದ ನಂತರ ಮತ್ತೆ ಪರೀಕ್ಷಿಸಿ. ಗಂಜಿ, ರೊಟ್ಟಿ ಆಮೇಲೆ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ.

ಇನ್ನೊಂದು ತಪ್ಪು ತಿಳಿವಳಿಕೆ, ತಂಪಿನದು ಎಷ್ಟು ಕುಡಿದರೂ ಸಕ್ಕರೆ ಏರುವುದಿಲ್ಲ ಎಂಬುದು. 100 ಗ್ರಾಂ ರಾಗಿಯಲ್ಲಿ ಸುಮಾರು 70 ಗ್ರಾಂ ಪಿಷ್ಟವಿದೆ, ಅಕ್ಕಿಯಲ್ಲಿ ಸ್ವಲ್ಪ ಹೆಚ್ಚು, ಅಷ್ಟೇ. ನುಣ್ಣಗೆ ಬೀಸಿದ ಹಿಟ್ಟಿನ ತೆಳು ಗಂಜಿ ಬೇಗ ಅರಗಿ ಬೇಗ ಸಕ್ಕರೆ ಏರಿಸುತ್ತದೆ, ಬೆಲ್ಲ ಹಾಕಿದರಂತೂ ಕೇಳಬೇಡಿ. ಸಹರಿಗೆ ಗಂಜಿಯ ಬದಲು ಸಣ್ಣ ಮುದ್ದೆ, ಜೊತೆಗೆ ಕಾಳು-ಸೊಪ್ಪಿನ ಸಾರು ಇರಲಿ. ಇಡೀ ಬಾರ್ಲಿ ಕಾಳನ್ನು ಬೇಯಿಸಿ ತಿಂದರೆ ಅದರ ನಾರು ಸಕ್ಕರೆ ಏರುವುದನ್ನು ನಿಧಾನ ಮಾಡುತ್ತದೆ. ಸೋಸಿದ ನೀರಿಗೆ ಆ ಗುಣ ಕಡಿಮೆ.

ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ರಮಝಾನ್‌ಗೆ ಒಂದು ತಿಂಗಳ ಮೊದಲೇ, ಅದನ್ನು ಬರೆದುಕೊಟ್ಟ ವೈದ್ಯರ ಬಳಿ ಹೋಗಿ ಪ್ರಮಾಣ, ಹೊತ್ತು ಬದಲಿಸಿಕೊಳ್ಳಿ. ನನ್ನ ಬಳಿ ಬಂದರೂ ಮಾತ್ರೆಯ ಚೀಟಿ ತನ್ನಿ. ಈಗ ನಾನೇ ಮೊದಲು ಅದನ್ನು ಕೇಳುತ್ತೇನೆ.