ಸ್ವಿಚ್ ಹಾಕುವ ಮುನ್ನ



ಕಲಬುರಗಿಯಲ್ಲಾಗಲಿ ಕಮಲಾಪುರದಲ್ಲಾಗಲಿ ಬಿಸಿಲಿಗೆ ಬರವಿಲ್ಲ. 2024ರ ಫೆಬ್ರವರಿಯಲ್ಲಿ ಪಿಎಂ ಸೂರ್ಯಘರ್ ಯೋಜನೆ ಆರಂಭವಾಯಿತು. 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಹಾಯಧನ. ಅದನ್ನು ನಂಬಿ ಮಾಳಿಗೆಯ ಮೇಲೆ ಸೌರಫಲಕ ಕೂರಿಸಿದ್ದೀರಿ, ಸಾಲದ ಕಂತೂ ಶುರುವಾಗಿದೆ. ಆದರೆ ಜೆಸ್ಕಾಂನ ಪರಿಶೀಲನೆ ಆಗಬೇಕು, ಕೊಟ್ಟದ್ದು ತೆಗೆದುಕೊಂಡದ್ದು ಎರಡನ್ನೂ ಲೆಕ್ಕವಿಡುವ ನೆಟ್ ಮೀಟರ್ ಬರಬೇಕು. “ಸುಮ್ಮನೆ ಸ್ವಿಚ್ ಹಾಕಿಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ, ಫಾದರ್?” ಎಂದು ನೀವು ಕೇಳಬಹುದು.

ಮೀಟರಿಗೆ ಗೊತ್ತಾಗುತ್ತದೆ. ಹಳೆಯ ಎಲೆಕ್ಟ್ರಾನಿಕ್ ಮೀಟರುಗಳಲ್ಲಿ ಹಲವು, ನೀವು ಹೊರಗೆ ಕಳಿಸಿದ ವಿದ್ಯುತ್ತನ್ನೂ ನೀವೇ ಬಳಸಿದಿರೆಂದು ಬರೆದುಕೊಳ್ಳುತ್ತವೆ. ಅದಕ್ಕಿಂತ ದೊಡ್ಡದು ಕಂಬದ ಮೇಲಿರುವ ಲೈನ್‌ಮ್ಯಾನ್‌ನ ಮಾತು. ಕರೆಂಟ್ ತೆಗೆಸಿ ಆತ ತಂತಿ ಮುಟ್ಟುವಾಗ ನಿಮ್ಮ ಇನ್ವರ್ಟರ್ ತಾನಾಗಿ ನಿಲ್ಲಬೇಕು. ನಿಲ್ಲದಿದ್ದರೆ, ಕರೆಂಟಿಲ್ಲವೆಂದು ಆತ ನಂಬಿದ ತಂತಿಯಲ್ಲಿ ನಿಮ್ಮ ಮಾಳಿಗೆಯ ಕರೆಂಟ್ ಹರಿಯುತ್ತದೆ. ಅದು ನಿಲ್ಲುತ್ತದೆಯೇ, ಅರ್ಥಿಂಗ್ ಸರಿಯಿದೆಯೇ ಎಂದು ನೋಡುವುದಕ್ಕೇ ಪರಿಶೀಲನೆ. ನನ್ನ ನೆರೆಯವನು ಯಾರು ಎಂಬ ಪ್ರಶ್ನೆಗೆ ಇಲ್ಲಿ ಉತ್ತರ ಹುಡುಕಬೇಕಾಗಿಲ್ಲ. (ಅಂದಹಾಗೆ, ಇದೇ ಕಾರಣಕ್ಕೆ ಬ್ಯಾಟರಿಯಿಲ್ಲದ ಮನೆಯಲ್ಲಿ, ಒಪ್ಪಿಗೆ ಬಂದ ಮೇಲೂ, ಕರೆಂಟ್ ಹೋದರೆ ದೀಪ ಆರುತ್ತದೆ.)

ಹಾಗೆಂದು ಕೈಕಟ್ಟಿ ಕೂರಬೇಡಿ. ಕೇಂದ್ರದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಕ್ಕೆ 2024ರಲ್ಲಿ ತಿದ್ದುಪಡಿಯಾಗಿದೆ. ಅಳವಡಿಕೆಯ ಪ್ರಮಾಣಪತ್ರ ಸಲ್ಲಿಸಿದ 15 ದಿನದೊಳಗೆ ಮೀಟರ್ ಹಾಕಿ ಚಾಲನೆ ಕೊಡಬೇಕು. ಮೊದಲು 30 ದಿನವಿತ್ತು. ಸಲ್ಲಿಸಿದ್ದಕ್ಕೆ ಸ್ವೀಕೃತಿ ಇಟ್ಟುಕೊಳ್ಳಿ. ಗುತ್ತಿಗೆದಾರ “ಕಳಿಸಿದ್ದೀನ್ರಿ” ಎಂದರೆ ಅರ್ಜಿ ಸಂಖ್ಯೆ ಕೇಳಿ. 16ನೆಯ ದಿನ ಕಚೇರಿಗೆ ನೀವೇ ಹೋಗಿ, ಬರೆದು ಕೊಟ್ಟು ಬನ್ನಿ.