ಹಳೆಯ ಮೋಟಾರ್ ಸೈಕಲ್ ಮಾರುವಾಗ ನೆನಪಿಡಬೇಕಾದ ವಿಷಯಗಳು

ಅಡಿಕೆ ಕೊಯ್ಲು ಮುಗಿದು, ಕಾಫಿ ಒಣಗಿ, ಕೈಯಲ್ಲಿ ನಾಲ್ಕು ಕಾಸು ಓಡಾಡುವ ಕಾಲದಲ್ಲಿ ನಮ್ಮ ಸದಸ್ಯರಲ್ಲಿ ಅನೇಕರು ಹಳೆಯ ಮೋಟಾರ್ ಸೈಕಲನ್ನು ಮಾರಿ ಹೊಸದನ್ನು ಕೊಳ್ಳುವ ಯೋಚನೆ ಮಾಡುತ್ತಾರೆ. ಅಂಗಡಿಯವರಿಗೆ ಕೊಡುವುದಕ್ಕಿಂತ ಪಕ್ಕದ ಊರಿನವರಿಗೋ ಪರಿಚಯದವರಿಗೋ ನೇರವಾಗಿ ಕೊಟ್ಟರೆ ಒಂದಿಷ್ಟು ಹೆಚ್ಚು ಹಣ ಸಿಗುವುದುಂಟು. ಆದರೆ ನಮ್ಮಲ್ಲಿ ಇಂಥ ವ್ಯಾಪಾರ ಬಹಳ ಮಟ್ಟಿಗೆ ಬಾಯಿಮಾತಿನ ಮೇಲೆಯೇ ನಡೆಯುತ್ತದೆ. ಹಣ ಎಣಿಸಿಕೊಂಡು, ಕೀಲಿ ಕೊಟ್ಟು, ‘ಹೆಸರು ಆಮೇಲೆ ಬದಲಾಯಿಸಿಕೊಳ್ಳಿ’ ಎಂದು ಕಳುಹಿಸಿಬಿಡುತ್ತೇವೆ. ಈ ‘ಆಮೇಲೆ’ ಎಂಬ ಮಾತಿನಲ್ಲಿಯೇ ಅಪಾಯವಿದೆ.

ಮಾಲೀಕ ಯಾರು?

1988ರ ಮೋಟಾರು ವಾಹನಗಳ ಕಾಯಿದೆಯ ಪ್ರಕಾರ ವಾಹನ ಯಾರ ಹೆಸರಿನಲ್ಲಿ ನೋಂದಣಿಯಾಗಿದೆಯೋ ಅವರೇ ಮಾಲೀಕರು. ಇದನ್ನು ಸುಪ್ರೀಂ ಕೋರ್ಟು 2018ರ ಫೆಬ್ರವರಿಯಲ್ಲಿ ಕೊಟ್ಟ ತೀರ್ಪೊಂದರಲ್ಲಿ ಸ್ಪಷ್ಟಪಡಿಸಿದೆ. ಆ ಮೊಕದ್ದಮೆಯಲ್ಲಿ ಕಾರೊಂದು ಒಬ್ಬರಿಂದ ಒಬ್ಬರಿಗೆ ಹಲವು ಕೈ ಬದಲಾಗಿತ್ತು. ಸಾರಿಗೆ ಕಚೇರಿಯ ದಾಖಲೆಯಲ್ಲಿ ಮಾತ್ರ ಮೊದಲಿನವರ ಹೆಸರೇ ಉಳಿದಿತ್ತು. 2009ರಲ್ಲಿ ಆ ಕಾರಿನಿಂದ ಅಪಘಾತವಾಯಿತು. ಎಂದೋ ಮಾರಿಬಿಟ್ಟಿದ್ದೇನೆ ಎಂಬ ಅವರ ವಾದ ನಿಲ್ಲಲಿಲ್ಲ. ದಾಖಲೆಯಲ್ಲಿ ಹೆಸರಿದ್ದವರೇ ಪರಿಹಾರಕ್ಕೆ ಹೊಣೆ ಎಂದು ನ್ಯಾಯಾಲಯ ಹೇಳಿತು.

ಇದು ಮೋಟಾರ್ ಸೈಕಲಿಗೂ ಅನ್ವಯಿಸುತ್ತದೆ. ಕೊಂಡವರು ವಿಮೆ ಮುಗಿದ ಮೇಲೆ ಹೊಸದಾಗಿ ಮಾಡಿಸದೆ ಓಡಿಸುತ್ತಾ ಯಾರಿಗಾದರೂ ಗುದ್ದಿದರೆ, ಲಕ್ಷಗಟ್ಟಲೆ ಪರಿಹಾರದ ಭಾರ ನಮ್ಮ ತಲೆಯ ಮೇಲೆ ಬರಬಹುದು. ಎರಡು ಎಕರೆ ತೋಟವನ್ನೇ ನಂಬಿದ ಸಂಸಾರ ಅದನ್ನು ತಾಳಿಕೊಳ್ಳಲಾರದು. ಅಡಿಕೆ ಮೂಟೆಯನ್ನು ಸಂಘದ ಗೋದಾಮಿನಲ್ಲಿ ಇಳಿಸಿ ತೂಕದ ಚೀಟಿ ಪಡೆಯದೆ ನಾವು ಯಾರೂ ಮನೆಗೆ ಬರುವುದಿಲ್ಲ. ವಾಹನದ ವಿಷಯದಲ್ಲಿಯೂ ಅಷ್ಟೇ ಎಚ್ಚರ ಬೇಕು.

ಮಾರುವ ಮೊದಲು

ವಾಹನವನ್ನು ಸಾಲದಲ್ಲಿ ಕೊಂಡಿದ್ದರೆ ನೋಂದಣಿ ಪತ್ರದಲ್ಲಿ ಬ್ಯಾಂಕಿನ ಅಥವಾ ಸಂಘದ ಹೆಸರು ನಮೂದಾಗಿರುತ್ತದೆ. ಸಾಲ ತೀರಿದ ಮಾತ್ರಕ್ಕೆ ಅದು ತಾನಾಗಿ ಅಳಿಯುವುದಿಲ್ಲ. ಸಾಲ ಕೊಟ್ಟವರಿಂದ ತೀರುವಳಿ ಪತ್ರವನ್ನೂ ಅವರು ಸಹಿ ಮಾಡಿದ 35ನೇ ನಮೂನೆಯನ್ನೂ ಪಡೆದು ಮೊದಲು ಆ ನಮೂದನ್ನು ತೆಗೆಸಬೇಕು. ವಿಮೆ ಮತ್ತು ಹೊಗೆ ತಪಾಸಣೆಯ ಪತ್ರ ಚಾಲ್ತಿಯಲ್ಲಿವೆಯೇ, ದಂಡದ ಬಾಕಿ ಇದೆಯೇ ಎಂಬುದನ್ನೂ ನೋಡಿಕೊಳ್ಳಬೇಕು.

ಓಡಿಸಿ ನೋಡುವಾಗ

ಕೊಳ್ಳುವವರು ಓಡಿಸಿ ನೋಡಲು ಕೇಳುವುದು ನ್ಯಾಯವೇ. ಆದರೆ ಅವರ ಚಾಲನಾ ಪರವಾನಗಿಯನ್ನು ಮೊದಲು ಕಣ್ಣಾರೆ ನೋಡಬೇಕು. ಅಪರಿಚಿತರಾದರೆ ಹಿಂದೆ ನಮ್ಮವರೊಬ್ಬರು ಕುಳಿತು ಹೋಗುವುದು ಕ್ಷೇಮ. ಇಬ್ಬರ ತಲೆಯ ಮೇಲೂ ಹೆಲ್ಮೆಟ್ ಇರಲಿ. ಹದಿನೆಂಟು ತುಂಬದ ಹುಡುಗರ ಕೈಗೆ ಗಾಡಿ ಕೊಡಲೇಬಾರದು. 2019ರ ತಿದ್ದುಪಡಿಯ ನಂತರ, ಬಾಲಕರು ವಾಹನ ಓಡಿಸಿ ತಪ್ಪೆಸಗಿದರೆ ವಾಹನದ ಮಾಲೀಕರಿಗೆ 25,000 ರೂಪಾಯಿ ದಂಡ ಮತ್ತು ಮೂರು ವರ್ಷದವರೆಗೆ ಸೆರೆವಾಸ ಆಗಬಹುದು.

ಹಣ ಪಡೆಯುವಾಗ

ಪೂರ್ತಿ ಹಣ ನಮ್ಮ ಖಾತೆಗೆ ಬಂದದ್ದನ್ನು ನಾವೇ ನೋಡಿ ಖಚಿತಪಡಿಸಿಕೊಳ್ಳಬೇಕು. ಕೊಳ್ಳುವವರ ಫೋನಿನಲ್ಲಿ ತೋರಿಸಿದ ಚಿತ್ರವನ್ನಾಗಲೀ ನಮಗೆ ಬಂದ ಸಂದೇಶವನ್ನಾಗಲೀ ನಂಬಬಾರದು. ‘ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ, ಹಣ ಬರುತ್ತದೆ’ ಎಂದು ಯಾರಾದರೂ ಹೇಳಿದರೆ ಅದು ಮೋಸವೆಂದೇ ತಿಳಿಯಿರಿ. ಯುಪಿಐ ಪಿನ್ ಬೇಕಾಗುವುದು ಹಣ ಕಳುಹಿಸುವುದಕ್ಕೆ. ಹಣ ಪಡೆಯಲು ಅದು ಬೇಕಿಲ್ಲ. ಹಾಗೇನಾದರೂ ಹಣ ಹೋದರೆ ತಡಮಾಡದೆ 1930 ಸಂಖ್ಯೆಗೆ ಫೋನ್ ಮಾಡಿ ದೂರು ಕೊಡಬೇಕು.

ತೋಟದ ಕೆಲಸದವರಿಗೆ ಕಂತಿನ ಮೇಲೆ ಕೊಟ್ಟು, ವಾರದ ಬಟವಾಡೆಯಲ್ಲಿ ಹಿಡಿದುಕೊಳ್ಳುವ ರೂಢಿಯೂ ನಮ್ಮಲ್ಲಿದೆ. ಇದರಲ್ಲಿ ಎರಡೇ ದಾರಿ ಒಳ್ಳೆಯದು. ಕಂತು ತೀರುವವರೆಗೆ ಗಾಡಿ ನಮ್ಮ ಕೊಟ್ಟಿಗೆಯಲ್ಲೇ ಇರಬೇಕು. ಇಲ್ಲವೇ ಮೊದಲೇ ಹೆಸರು ಬದಲಾಯಿಸಿ, ಬಾಕಿ ಹಣಕ್ಕೆ ಬರಹ ಮಾಡಿಕೊಳ್ಳಬೇಕು. ಹೆಸರು ನಮ್ಮದು, ಗಾಡಿ ಅವರ ಕೈಯಲ್ಲಿ ಎಂಬ ಸ್ಥಿತಿ ಇಬ್ಬರಿಗೂ ಒಳ್ಳೆಯದಲ್ಲ.

ಕಾಗದ ಪತ್ರ

29ನೇ ನಮೂನೆ ಮಾರುವವರು ಕೊಡುವ ತಿಳುವಳಿಕೆ, 30ನೇ ನಮೂನೆ ಹೆಸರು ಬದಲಾವಣೆಗೆ ಕೊಳ್ಳುವವರು ಸಲ್ಲಿಸುವ ಅರ್ಜಿ. ಇಬ್ಬರೂ ಒಂದೇ ರಾಜ್ಯದವರಾದರೆ ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಪ್ರಾದೇಶಿಕ ಸಾರಿಗೆ ಕಚೇರಿಗೆ ತಿಳಿಸಬೇಕು. ಕೊಳ್ಳುವವರು ವಯನಾಡು, ಕಾಸರಗೋಡು ಕಡೆಯವರಾಗಿದ್ದು ಗಾಡಿ ಕೇರಳಕ್ಕೆ ಹೋಗುವುದಾದರೆ 28ನೇ ನಮೂನೆಯಲ್ಲಿ ನಿರಾಕ್ಷೇಪಣಾ ಪತ್ರವೂ ಬೇಕು. ಖಾಲಿ ನಮೂನೆಗೆ ಸಹಿ ಹಾಕಿ ಕೊಡುವ ಅಭ್ಯಾಸವನ್ನು ದಯವಿಟ್ಟು ಬಿಡಬೇಕು. ಹಾಗೆ ಕೊಟ್ಟ ಕಾಗದ ಯಾರ ಕೈಗೆ ಹೋಗುತ್ತದೋ ಹೇಳಲಾಗದು.

ಇದರೊಂದಿಗೆ ಒಂದು ಮಾರಾಟ ಪತ್ರ ಬರೆದುಕೊಳ್ಳಬೇಕು. ಅದರಲ್ಲಿ ವಾಹನದ ಸಂಖ್ಯೆ, ಎಂಜಿನ್ ಮತ್ತು ಚಾಸಿ ಸಂಖ್ಯೆ, ಬೆಲೆ, ಇಬ್ಬರ ಹೆಸರು ವಿಳಾಸ, ಕೈಗೆ ಕೊಟ್ಟ ದಿನಾಂಕ ಮತ್ತು ಗಂಟೆ ಇರಬೇಕು. ಬೆಳಿಗ್ಗೆ ಹತ್ತಕ್ಕೆ ಕೊಟ್ಟ ಗಾಡಿ ಮಧ್ಯಾಹ್ನವೇ ಅಪಘಾತಕ್ಕೆ ಸಿಕ್ಕಿದರೆ ಗಂಟೆಯ ಬೆಲೆ ತಿಳಿಯುತ್ತದೆ. ಇಬ್ಬರು ಸಾಕ್ಷಿಗಳ ಸಹಿ ಇರಲಿ. ಕೊಳ್ಳುವವರ ಗುರುತಿನ ಪತ್ರದ ನಕಲನ್ನೂ ಇಟ್ಟುಕೊಳ್ಳಿ. ಆದರೆ ಈ ಪತ್ರ ಹೆಸರು ಬದಲಾವಣೆಗೆ ಬದಲಿಯಾಗುವುದಿಲ್ಲ ಎಂಬುದನ್ನು ಮರೆಯಬಾರದು.

ವಿಮಾ ಕಂಪನಿಗೂ ಮಾರಾಟದ ವಿಷಯ ಬರೆದು ತಿಳಿಸಬೇಕು. ಕೊಂಡವರು 14 ದಿನದೊಳಗೆ ವಿಮೆಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಅರ್ಜಿ ಹಾಕಬೇಕೆಂದು ಕಾಯಿದೆಯಲ್ಲಿದೆ. ಅದನ್ನು ಅವರಿಗೆ ನೆನಪಿಸುವುದು ನಮಗೇ ಹಿತ.

ಸಾಧ್ಯವಾದಷ್ಟು ಮಟ್ಟಿಗೆ ಕೊಳ್ಳುವವರ ಜೊತೆಯಲ್ಲೇ ಸಾರಿಗೆ ಕಚೇರಿಗೆ ಹೋಗಿ ಅರ್ಜಿ ಕೊಟ್ಟು, ರಸೀದಿಯ ನಕಲು ಪಡೆದು ಬರಬೇಕು. ಒಂದು ದಿನದ ಕೆಲಸ ಕೆಟ್ಟೀತು, ಅಷ್ಟೇ. ಹೊಸ ಹೆಸರಿನ ನೋಂದಣಿ ಪತ್ರದ ನಕಲು ನಮ್ಮ ಕೈಗೆ ಬಂದ ದಿನವೇ ಮಾರಾಟ ಮುಗಿಯಿತೆಂದು ತಿಳಿಯೋಣ. ಹಿಂದೆ ಮಾರಿದ ಗಾಡಿ ಯಾವುದಾದರೂ ಇನ್ನೂ ನಮ್ಮ ಹೆಸರಿನಲ್ಲೇ ಉಳಿದಿದ್ದರೆ, ಕೊಂಡವರನ್ನು ಈ ವಾರವೇ ಕಂಡು ಈ ಕೆಲಸ ಮುಗಿಸಿಕೊಳ್ಳಬೇಕೆಂದು ಸದಸ್ಯ ಬಾಂಧವರಲ್ಲಿ ವಿನಂತಿ.